ನೂರಕ್ಕೆ ತಿಂಗಳಿಗೆ ಎಷ್ಟು? ಕಾರ್ಡಿನ ಬಾಕಿ, ಸಾಲದ ಕಂತುಗಳನ್ನು ತೀರಿಸಲು ಮನೆಯ ಲೆಕ್ಕ ಕಟ್ಟುವ ಬಗೆ

ನಮ್ಮ ಊರುಗಳಲ್ಲಿ ಕೈಸಾಲ ತೆಗೆದುಕೊಳ್ಳುವವರು ಮೊದಲು ಕೇಳುವ ಮಾತು ಒಂದೇ: ನೂರಕ್ಕೆ ಎಷ್ಟು? ತಿಂಗಳಿಗೆ ನೂರಕ್ಕೆ ಒಂದೂವರೆ ಎಂದರೆ ಒಪ್ಪಿಕೊಳ್ಳುತ್ತಾರೆ, ಎರಡು ಎಂದರೆ ಯೋಚಿಸುತ್ತಾರೆ, ಮೂರು ಎಂದಕೂಡಲೇ ಮನೆಯ ಹಿರಿಯರು ಬೇಡವೆನ್ನುತ್ತಾರೆ. ಅದೇ ಮನೆಯ ಮಗನೋ ಮಗಳೋ ನೌಕರಿ ಸಿಕ್ಕ ಹೊಸತರಲ್ಲಿ ಪಡೆಯುವ ಕ್ರೆಡಿಟ್ ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3ರಿಂದ 3.75ರವರೆಗೆ ಇರುತ್ತದೆ. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿಯೂ ಸೇರುವುದರಿಂದ ಬಾಕಿ ಉಳಿಸಿಕೊಂಡವರು ಕಟ್ಟುವುದು ನೂರಕ್ಕೆ ಮೂರೂವರೆಯಿಂದ ನಾಲ್ಕೂವರೆಯ ಹತ್ತಿರ ಹೋಗುತ್ತದೆ. ಊರಿನ ಲೇವಾದೇವಿಯವನು ಈ ದರ ಹೇಳಿದ್ದರೆ ಎದ್ದು ಬರುತ್ತಿದ್ದವರು ಇಲ್ಲಿ ಸುಮ್ಮನಿರುವುದಕ್ಕೆ ಕಾರಣ ಅವರ ಅವಿವೇಕವಲ್ಲ. ಬೇರೆ ಬೇರೆ ಸಾಲಗಳ ಬಡ್ಡಿಯನ್ನು ಬೇರೆ ಬೇರೆ ಅಳತೆಯಲ್ಲಿ, ಒಂದನ್ನು ವರ್ಷಕ್ಕೆ, ಇನ್ನೊಂದನ್ನು ತಿಂಗಳಿಗೆ, ಮತ್ತೊಂದನ್ನು ಬರೀ ಕಂತಿನ ಮೊತ್ತವಾಗಿ ಹೇಳುವುದರಿಂದ ಅವುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಆಗುವುದೇ ಇಲ್ಲ. ಆದ್ದರಿಂದ ಸಾಲ ತೀರಿಸಲು ಹೊರಟವರು ಮಾಡಬೇಕಾದ ಮೊದಲ ಕೆಲಸ ಖರ್ಚು ಕಡಿಮೆ ಮಾಡುವುದಲ್ಲ. ಎಲ್ಲ ಸಾಲವನ್ನೂ ನೂರಕ್ಕೆ ತಿಂಗಳಿಗೆ ಎಷ್ಟು ಎಂಬ ಒಂದೇ ಅಳತೆಗೆ ತರುವುದು.

ಸಾಲಗಳ ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಂಡು ಗಂಡ ಹೆಂಡತಿ ಇಬ್ಬರೂ ಜೊತೆಯಲ್ಲಿ ಕುಳಿತು ಬರೆಯಬೇಕು. ಒಬ್ಬರಿಗೆ ತಿಳಿಯದ ಸಾಲ ಇನ್ನೊಬ್ಬರ ಹೆಸರಿನಲ್ಲಿರುವುದು ಅಪರೂಪವಲ್ಲ. ಅದನ್ನು ಮುಚ್ಚಿಟ್ಟು ಕಟ್ಟಿದ ಯಾವ ಲೆಕ್ಕವೂ ಎರಡನೆಯ ತಿಂಗಳು ದಾಟುವುದಿಲ್ಲವಾದ್ದರಿಂದ, ಆ ಸಂಜೆ ಎಷ್ಟೇ ಕಷ್ಟವೆನಿಸಿದರೂ ಎಲ್ಲವನ್ನೂ ಹೇಳಿಕೊಳ್ಳುವುದು ಒಳ್ಳೆಯದು. ಪ್ರತಿ ಸಾಲದ ಎದುರು ಇಂದು ಉಳಿದಿರುವ ಅಸಲು, ಬಡ್ಡಿ ದರ, ತಿಂಗಳ ಕಂತು, ಉಳಿದ ಕಂತುಗಳ ಸಂಖ್ಯೆ, ಕಟ್ಟುವ ಕೊನೆಯ ದಿನ ಇವಿಷ್ಟನ್ನು ಬರೆಯಿರಿ. ಬ್ಯಾಂಕಿನ ಸಾಲವನ್ನು ಯಾರೂ ಮರೆಯುವುದಿಲ್ಲ. ಪಟ್ಟಿಯಿಂದ ತಪ್ಪಿಹೋಗುವುದು ಈಗಾಗಲೇ ಎತ್ತಿಕೊಂಡಿರುವ ಚೀಟಿಯ ಉಳಿದ ಕಂತುಗಳು, ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘದ ವಾರದ ಕಂತು, ಕಿರಾಣಿ ಅಂಗಡಿಯ ಉದ್ರಿ, ಮೊಬೈಲಿಗಾಗಿ ಹಾಕಿಸಿಕೊಂಡ ಬಡ್ಡಿರಹಿತವೆನ್ನುವ ಕಂತು ಮತ್ತು ಭಾವನಿಂದಲೋ ಸೋದರಮಾವನಿಂದಲೋ ಪಡೆದ ಕೈಸಾಲ. ಎತ್ತಿದ ಚೀಟಿಯನ್ನು ಉಳಿತಾಯವೆಂದು ತಿಳಿದವರು ಬಹಳ ಮಂದಿ. ಹಣ ಕೈಗೆ ಬಂದ ದಿನದಿಂದ ಅದು ಸಾಲವೇ.

ಅಳತೆಯನ್ನು ಒಂದಾಗಿಸುವುದು ಸುಲಭ. ವಾರ್ಷಿಕ ದರವನ್ನು 12ರಿಂದ ಭಾಗಿಸಿದರೆ ನೂರಕ್ಕೆ ತಿಂಗಳ ಬಡ್ಡಿ ಸಿಗುತ್ತದೆ. ವರ್ಷಕ್ಕೆ ಶೇಕಡಾ 10ರ ಚಿನ್ನದ ಸಾಲ ನೂರಕ್ಕೆ ಸುಮಾರು 83 ಪೈಸೆ, ಶೇಕಡಾ 16ರ ವೈಯಕ್ತಿಕ ಸಾಲ 1 ರೂಪಾಯಿ 33 ಪೈಸೆ, ತಿಂಗಳಿಗೆ ಶೇಕಡಾ 3.6ರ ಕಾರ್ಡು ತೆರಿಗೆಯೂ ಸೇರಿ 4 ರೂಪಾಯಿ 25 ಪೈಸೆ. ಒಂದೇ ಒಂದು ಕಡೆ ಎಚ್ಚರ ಬೇಕು. ವಾಹನ ಸಾಲ ಕೊಡುವವರು ಕೆಲವೊಮ್ಮೆ ‘ಫ್ಲಾಟ್’ ದರ ಹೇಳುತ್ತಾರೆ, ಅಂದರೆ ಅಸಲು ಕರಗುತ್ತಾ ಬಂದರೂ ಬಡ್ಡಿಯನ್ನು ಕೊನೆಯವರೆಗೂ ಮೊದಲಿನ ಇಡೀ ಮೊತ್ತದ ಮೇಲೆಯೇ ಹಾಕುತ್ತಾರೆ. ಮೂರು ವರ್ಷಕ್ಕೆ ಶೇಕಡಾ 12ರ ಫ್ಲಾಟ್ ದರದಲ್ಲಿ ಪಡೆದ 1 ಲಕ್ಷ ರೂಪಾಯಿಗೆ 36,000 ಬಡ್ಡಿ ಸೇರಿ ತಿಂಗಳ ಕಂತು 3,778 ರೂಪಾಯಿ ಆಗುತ್ತದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇಕಡಾ 21ಕ್ಕಿಂತ ಹೆಚ್ಚು, ಅಂದರೆ ನೂರಕ್ಕೆ ಒಂದಲ್ಲ, ಒಂದೂಮುಕ್ಕಾಲು.

ಒಂದು ಮನೆಯ ಲೆಕ್ಕ

ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿರುವ, ಶಾಲೆಗೆ ಹೋಗುವ ಇಬ್ಬರು ಮಕ್ಕಳ ಒಂದು ಸಂಸಾರವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಕೈಗೆ ಬರುವ ಸಂಬಳ 62,000. ಸಾಲಗಳು ಹೀಗಿವೆ: ಮೊದಲ ಕಾರ್ಡಿನಲ್ಲಿ 1,40,000 ಬಾಕಿ, ತಿಂಗಳಿಗೆ ಶೇಕಡಾ 3.6, ಎರಡನೆಯ ಕಾರ್ಡಿನಲ್ಲಿ 45,000, ಶೇಕಡಾ 3.5, ವೈಯಕ್ತಿಕ ಸಾಲ 3 ಲಕ್ಷ ಉಳಿದಿದೆ, ವಾರ್ಷಿಕ ಶೇಕಡಾ 16, ಕಂತು 10,550, ಸ್ಕೂಟರಿನ ಸಾಲಕ್ಕೆ 3,200ರ ಹತ್ತು ಕಂತುಗಳು ಬಾಕಿ, ಬಳೆಗಳನ್ನಿಟ್ಟು ತಂದ ಚಿನ್ನದ ಸಾಲ 80,000, ವಾರ್ಷಿಕ ಶೇಕಡಾ 10.

ಖರ್ಚಿನ ಕಡೆ ಬಾಡಿಗೆ 12,000, ದಿನಸಿ, ತರಕಾರಿ ಮತ್ತು ಹಾಲು 11,000, ಗ್ಯಾಸು, ನೀರು, ವಿದ್ಯುತ್ತು, ಮೊಬೈಲು 3,000, ಓಡಾಟ 3,000, ಔಷಧ 2,000. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆದರೆ ಮನೆಯ ಲೆಕ್ಕ ಮುರಿದುಬೀಳುವುದು ತಿಂಗಳ ಖರ್ಚಿನಿಂದಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚಿನಿಂದ. ಮೇ, ಜೂನಿನ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರ, ಗೌರಿ ಗಣೇಶ, ದಸರಾ, ದೀಪಾವಳಿ, ಸ್ಕೂಟರಿನ ವಿಮೆ, ಆರೋಗ್ಯ ವಿಮೆಯ ಕಂತು, ಊರಿನ ಜಾತ್ರೆ, ನೆಂಟರ ಮದುವೆಗಳಿಗೆ ಮಾಡಬೇಕಾದ ಮುಯ್ಯಿ. ಇವುಗಳಲ್ಲಿ ಯಾವುದೂ ಅನಿರೀಕ್ಷಿತವಲ್ಲ, ಪಂಚಾಂಗ ನೋಡಿ ಮೊದಲೇ ಹೇಳಬಹುದಾದವು. ಆದರೂ ಅವು ಬಂದಾಗಲೆಲ್ಲ ಕಾರ್ಡನ್ನು ಉಜ್ಜಿಯೇ ದಾಟುತ್ತೇವೆ. ಕಳೆದ ಹನ್ನೆರಡು ತಿಂಗಳ ಯುಪಿಐ ಮತ್ತು ಬ್ಯಾಂಕ್ ಖಾತೆಯ ವಿವರ ತೆಗೆದು ಇಂತಹ ಖರ್ಚುಗಳನ್ನೆಲ್ಲ ಕೂಡಿಸಿ, 12ರಿಂದ ಭಾಗಿಸಿ, ಆ ಮೊತ್ತವನ್ನು ಸಂಬಳ ಬಂದ ದಿನವೇ ಬೇರೊಂದು ಉಳಿತಾಯ ಖಾತೆಗೆ ಹಾಕಬೇಕು. ಸಾಲವಿರುವಾಗ ಹೀಗೆ ಹಣ ಕೂಡಿಡುವುದು ತಪ್ಪಲ್ಲವೇ ಎಂದು ಹಲವರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯಲ್ಲಿ ಇದಕ್ಕಿಂತ ಮುಖ್ಯವಾದ ಖಾತೆ ಇನ್ನೊಂದಿಲ್ಲ, ಏಕೆಂದರೆ ಇದು ಇಲ್ಲದಿದ್ದರೆ ಎಂಟು ತಿಂಗಳು ಕಟ್ಟಿ ಇಳಿಸಿದ ಸಾಲವು ಒಂದು ಜೂನ್ ತಿಂಗಳಿನಲ್ಲಿ ಮರಳಿ ಏರುತ್ತದೆ. ನಮ್ಮ ಉದಾಹರಣೆಯ ಮನೆಗೆ ಇದು ವರ್ಷಕ್ಕೆ 72,000, ಅಂದರೆ ತಿಂಗಳಿಗೆ 6,000.

ಒಟ್ಟು ಖರ್ಚು 37,000 ಆಯಿತು, ಉಳಿದದ್ದು 25,000. ವೈಯಕ್ತಿಕ ಸಾಲ, ಸ್ಕೂಟರು, ಚಿನ್ನದ ಸಾಲದ ಬಡ್ಡಿ ಸೇರಿ 14,420 ಹೋದರೆ ಎರಡು ಕಾರ್ಡುಗಳಿಗೆ ಉಳಿಯುವುದು 10,580.

‘ಕನಿಷ್ಠ ಪಾವತಿ’ಯ ಒಳಗೆ ಏನಿದೆ

ಕನಿಷ್ಠ ಪಾವತಿ, ಅಂದರೆ ಈ ತಿಂಗಳು ಇಷ್ಟಾದರೂ ಕಟ್ಟಿ ಎಂದು ಕಾರ್ಡಿನ ಬಿಲ್ಲಿನಲ್ಲಿ ಬರೆದಿರುವ ಮೊತ್ತ, ಬಾಕಿಯ ಶೇಕಡಾ 5 ಎಂದಿಟ್ಟುಕೊಂಡರೆ ಈ ಮನೆ ಮೊದಲ ಕಾರ್ಡಿಗೆ 7,000, ಎರಡನೆಯದಕ್ಕೆ 2,250 ಕಟ್ಟಬೇಕು. 10,580ರಲ್ಲಿ ಅದು ಹೊಂದುತ್ತದೆ, ಸಾವಿರಕ್ಕಿಂತ ಸ್ವಲ್ಪ ಹೆಚ್ಚೇ ಮಿಗುತ್ತದೆ, ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಮೊದಲ ಕಾರ್ಡಿನ ಒಂದು ತಿಂಗಳ ಬಡ್ಡಿಯೇ 5,040. ಅದರ ಮೇಲಿನ ಜಿಎಸ್‌ಟಿ 907. ಕಟ್ಟಿದ 7,000ದಲ್ಲಿ ಅಸಲಿಗೆ ಸಂದದ್ದು 1,053 ರೂಪಾಯಿ ಮಾತ್ರ. ಆ ಕಾರ್ಡಿನಲ್ಲಿ ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಪ್ರತಿ ತಿಂಗಳೂ ತಪ್ಪದೆ 7,000 ಕಟ್ಟುತ್ತಾ ಹೋದರೂ ಸಾಲ ತೀರಲು 46 ತಿಂಗಳು ಬೇಕು, ಕಟ್ಟಿದ ಒಟ್ಟು ಹಣ 3,18,000 ರೂಪಾಯಿ ದಾಟುತ್ತದೆ. ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುವುದರಿಂದ, ಬಿಲ್ಲಿನಲ್ಲಿ ಬರೆದ ಕನಿಷ್ಠವನ್ನೇ ಕಟ್ಟುವವರಿಗೆ ಇದಕ್ಕಿಂತ ಎಷ್ಟೋ ಹೆಚ್ಚು ವರ್ಷ ಹಿಡಿಯುತ್ತದೆ.

ಇನ್ನೊಂದು ವಿಷಯ ಹಲವರಿಗೆ ತಿಳಿದಿರುವುದಿಲ್ಲ. ಖರೀದಿಯ ಮೇಲೆ ಕೆಲವು ವಾರ ಬಡ್ಡಿ ಇಲ್ಲ ಎಂಬ ಅನುಕೂಲ ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ ದೊರೆಯುತ್ತದೆ. ಬಾಕಿ ಉಳಿಸಿಕೊಂಡವರು ಇಂದು ಆ ಕಾರ್ಡಿನಲ್ಲಿ ಅಕ್ಕಿ ಬೇಳೆ ತಂದರೂ ಬಡ್ಡಿ ಇಂದಿನಿಂದಲೇ ಓಡುತ್ತದೆ. ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆದರೆ ಬಾಕಿ ಇರಲಿ ಇಲ್ಲದಿರಲಿ, ಶುಲ್ಕವೂ ಮೊದಲ ದಿನದಿಂದಲೇ ಬಡ್ಡಿಯೂ ಬೀಳುತ್ತವೆ. ಹಾಗಾಗಿ ಲೆಕ್ಕ ಆರಂಭಿಸಿದ ದಿನವೇ ಕಾರ್ಡುಗಳ ಬಳಕೆ ನಿಲ್ಲಬೇಕು. ಖರೀದಿಯ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ, ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆಯನ್ನು ಬಂದ್ ಮಾಡಿ. ಕಾರ್ಡನ್ನು ಬೀರುವಿನಲ್ಲಿಡುವುದಕ್ಕಿಂತ ಇದು ಹೆಚ್ಚು ಫಲಕಾರಿ, ಏಕೆಂದರೆ ಈಗ ಹೆಚ್ಚಿನ ಖರ್ಚಿಗೆ ಕಾರ್ಡು ಕೈಯಲ್ಲಿರಬೇಕಾಗಿಯೇ ಇಲ್ಲ.

ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಇಳಿಸುವುದು

ನೂರಕ್ಕೆ ನಾಲ್ಕೂಕಾಲರ ಸಾಲವನ್ನು ಹೊಟ್ಟೆಬಟ್ಟೆ ಕಟ್ಟಿ ತೀರಿಸುವುದಕ್ಕಿಂತ ಅದನ್ನು ಮೊದಲು ನೂರಕ್ಕೆ ಒಂದೂಕಾಲಿಗೆ ಇಳಿಸುವುದು ಜಾಣತನ. ಈ ಮನೆಗೆ ಅದರದೇ ಬ್ಯಾಂಕಿನಲ್ಲೋ ನೌಕರರ ಪತ್ತಿನ ಸಹಕಾರ ಸಂಘದಲ್ಲೋ ವರ್ಷಕ್ಕೆ ಶೇಕಡಾ 15ರ ದರದಲ್ಲಿ 1,40,000 ರೂಪಾಯಿ ಎರಡು ವರ್ಷದ ಅವಧಿಗೆ ದೊರೆತರೆ ತಿಂಗಳ ಕಂತು ಸುಮಾರು 6,790 ಆಗುತ್ತದೆ. ಕಾರ್ಡಿನ ಕನಿಷ್ಠ ಪಾವತಿಗಿಂತಲೂ ಇದು ಕಡಿಮೆ. ಆದರೂ ಇಪ್ಪತ್ತನಾಲ್ಕನೆಯ ತಿಂಗಳಿಗೆ ಸಾಲ ಪೂರ್ತಿ ತೀರಿರುತ್ತದೆ, ಒಟ್ಟು ಬಡ್ಡಿ 23,000ದ ಒಳಗೇ ಉಳಿಯುತ್ತದೆ. ಅಲ್ಲಿ 1,78,000 ಬಡ್ಡಿ ಮತ್ತು ತೆರಿಗೆ, ಇಲ್ಲಿ 23,000. ಸಂಬಳವೂ ಅದೇ, ತಿಂಗಳಿಗೆ ಕೈಬಿಡುವ ಹಣವೂ ಹೆಚ್ಚುಕಡಿಮೆ ಅದೇ. ಸಂಸ್ಕರಣಾ ಶುಲ್ಕ ಎಷ್ಟೆಂದು ಕೇಳಿ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕಾರ್ಡು ಕೊಟ್ಟ ಬ್ಯಾಂಕೇ ಬಾಕಿಯನ್ನು ಕಂತುಗಳಾಗಿ ಮಾರ್ಪಡಿಸಿಕೊಡುವುದೂ ಉಂಟು. ಅದೂ ಒಳ್ಳೆಯದೇ, ಆದರೆ ಕಾರ್ಡಿನ ಕಂತಿನ ಬಡ್ಡಿಗೆ ಜಿಎಸ್‌ಟಿ ಇದೆ, ವೈಯಕ್ತಿಕ ಸಾಲದ ಬಡ್ಡಿಗೆ ಇಲ್ಲ. ದರ ಹೋಲಿಸುವಾಗ ಇದನ್ನು ಮರೆಯಬಾರದು. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲ ಎಲ್ಲಕ್ಕಿಂತ ಅಗ್ಗ. ಆದರೆ ಅದರಲ್ಲಿ ತಿಂಗಳ ಕಂತು ಇಲ್ಲದಿರುವುದೇ ಅಪಾಯ: ವರ್ಷದ ಕೊನೆಯಲ್ಲಿ ಬಡ್ಡಿ ಕಟ್ಟಿ ಮರು ಅಡವು ಮಾಡುತ್ತಾ ಹೋದರೆ ಅಸಲು ಕರಗುವುದಿಲ್ಲ, ಕಟ್ಟಲಾಗದ ವರ್ಷ ಒಡವೆ ಹರಾಜಿಗೆ ಹೋಗುತ್ತದೆ. ಚಿನ್ನ ಇಡುವುದಾದರೆ ಕಂತಿನ ಲೆಕ್ಕದಲ್ಲೇ ಕಟ್ಟುವ ನಿರ್ಧಾರ ಮೊದಲ ದಿನವೇ ಆಗಿರಲಿ.

ಮನೆಯೊಳಗೇ ಮಲಗಿರುವ ಹಣವನ್ನೂ ಹುಡುಕಿ. ನಮ್ಮಲ್ಲಿ ಒಂದು ಕಡೆ ಸಾಲ ಬೆಳೆಯುತ್ತಿದ್ದರೂ ಇನ್ನೊಂದು ಕಡೆ ಆರ್‌ಡಿ ಕಟ್ಟುವುದನ್ನು ಬಿಡದವರಿದ್ದಾರೆ, ವಿಶೇಷವಾಗಿ ಮಗಳ ಹೆಸರಿನಲ್ಲಿದ್ದರೆ ಅದನ್ನು ಮುಟ್ಟಲು ಮನಸ್ಸು ಬರುವುದಿಲ್ಲ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ, ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಶೇಕಡಾ 7ರಂತೆ 30,000 ರೂಪಾಯಿ ತಿಂಗಳಿಗೆ 175 ಗಳಿಸುತ್ತದೆ. ಅದೇ 30,000 ಎರಡನೆಯ ಕಾರ್ಡಿನಲ್ಲಿ ಬಾಕಿಯಾಗಿ ಉಳಿದರೆ ತಿಂಗಳಿಗೆ 1,239 ತಿನ್ನುತ್ತದೆ. ಈ ಮನೆಯಲ್ಲಿ 40,000ದ ಆರ್‌ಡಿ ಇದ್ದರೆ 10,000ವನ್ನು ಆಸ್ಪತ್ರೆಯಂತಹ ತುರ್ತಿಗೆ ಉಳಿಸಿಕೊಂಡು 30,000ವನ್ನು ಕಾರ್ಡಿಗೆ ಕಟ್ಟಬೇಕು. ಸಾಲ ತೀರಿದ ಮೇಲೆ ಮಗಳ ಆರ್‌ಡಿಯನ್ನು ಮರಳಿ ತುಂಬಲು ಹೆಚ್ಚು ದಿನ ಬೇಕಾಗುವುದಿಲ್ಲ.

ಯಾವುದನ್ನು ಮೊದಲು

ಎಲ್ಲ ಸಾಲಗಳಿಗೂ ಕಟ್ಟಲೇಬೇಕಾದ ಕಂತನ್ನು ಕಟ್ಟಿ, ಮಿಕ್ಕ ಪ್ರತಿ ರೂಪಾಯಿಯನ್ನೂ ನೂರಕ್ಕೆ ಅತಿ ಹೆಚ್ಚು ಬಡ್ಡಿ ಇರುವ ಒಂದೇ ಸಾಲಕ್ಕೆ ಹಾಕುವುದು ಸರಿಯಾದ ಕ್ರಮ. ಚಿಕ್ಕ ಸಾಲವನ್ನು ಮೊದಲು ಮುಗಿಸಿದರೆ ಹುರುಪು ಬರುತ್ತದೆ ಎನ್ನುವವರಿದ್ದಾರೆ. ಎರಡು ಸಾಲಗಳ ಬಡ್ಡಿ ಹೆಚ್ಚುಕಡಿಮೆ ಸಮನಾಗಿದ್ದರೆ ಹಾಗೆ ಮಾಡಬಹುದು, ಆದರೆ ಸ್ಕೂಟರಿನ ಸಾಲ ಬೇಗ ಮುಗಿಯಲೆಂದು ಕಾರ್ಡನ್ನು ಕಾಯಿಸುವುದು ನಷ್ಟದ ವ್ಯವಹಾರ. ಸ್ನೇಹಿತರ, ನೆಂಟರ ಬಡ್ಡಿಯಿಲ್ಲದ ಕೈಸಾಲ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ ನಿಜ, ಆದರೆ ಕೊಟ್ಟವರಿಗೆ ಯಾವ ತಿಂಗಳಿನಿಂದ ಎಷ್ಟು ಕೊಡುತ್ತೇವೆಂದು ಎದುರಿಗೆ ಹೋಗಿ ಹೇಳಬೇಕು. ಫೋನು ಎತ್ತದೆ ತಪ್ಪಿಸಿಕೊಂಡು ಓಡಾಡಬಾರದು.

ನಮ್ಮ ಉದಾಹರಣೆಯಲ್ಲಿ ಮೊದಲ ಕಾರ್ಡು ಸಾಲವಾಗಿ ಬದಲಾದ ಮೇಲೆ 10,580ರಲ್ಲಿ 3,790 ಉಳಿಯುತ್ತದೆ. ಅದು ಪೂರ್ತಿಯಾಗಿ ಎರಡನೆಯ ಕಾರ್ಡಿಗೆ ಹೋಗುತ್ತದೆ. ಹತ್ತು ತಿಂಗಳ ಬಳಿಕ ಸ್ಕೂಟರಿನ ಕಂತು ಮುಗಿದು ಬಿಡುಗಡೆಯಾದ 3,200ನ್ನೂ ಅಲ್ಲಿಗೇ ಸೇರಿಸಿದರೆ ಹದಿನಾಲ್ಕನೆಯ ತಿಂಗಳಿಗೆ ಆ ಕಾರ್ಡು ಸೊನ್ನೆಯಾಗುತ್ತದೆ. ಆರ್‌ಡಿಯ 30,000ವನ್ನು ಆರಂಭದಲ್ಲೇ ಕಟ್ಟಿದ್ದರೆ ಹದಿನಾಲ್ಕು ತಿಂಗಳ ಬದಲು ಐದೇ ತಿಂಗಳು. ಒಂದು ಕಂತು ಮುಗಿದಾಗ ಆ ಹಣ ಮನೆಯ ಖರ್ಚಿಗೆ ಸೇರಿಹೋಗದಂತೆ ಅದೇ ವಾರದಲ್ಲಿ ಮುಂದಿನ ಸಾಲಕ್ಕೆ ತಿರುಗಿಸುವುದರಲ್ಲಿ ಈ ಯೋಜನೆಯ ಬಲವಿದೆ. ನಂತರ ಉಳಿಯುವುದು ವೈಯಕ್ತಿಕ ಸಾಲ. ಅದನ್ನು ಅವಧಿಗೆ ಮುನ್ನ ಕಟ್ಟಲು ಶುಲ್ಕವಿದೆಯೇ ಎಂದು ಸಾಲದ ಪತ್ರ ನೋಡಿಕೊಂಡು, ಉಳಿಯುವ ಬಡ್ಡಿ ಆ ಶುಲ್ಕಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಮುಂದಾಗಿ ಕಟ್ಟಿ.

ಕಂತುಗಳ ದಿನಾಂಕವೂ ಮುಖ್ಯ. ಸಂಬಳ ಒಂದನೇ ತಾರೀಖಿಗೆ ಬಂದು ಕಂತು ಇಪ್ಪತ್ತೆಂಟಕ್ಕೆ ಇದ್ದರೆ ಖಾತೆಯಲ್ಲಿ ಹಣ ಉಳಿಯುವುದಿಲ್ಲ, ಕಂತು ವಾಪಸಾಗುತ್ತದೆ, ದಂಡ ಬೀಳುತ್ತದೆ. ಕಾರ್ಡಿನ ಬಿಲ್ಲಿನ ಅವಧಿಯನ್ನು ಕನಿಷ್ಠ ಒಂದು ಬಾರಿಯಾದರೂ ಬದಲಿಸಿಕೊಳ್ಳುವ ಅವಕಾಶ ಗ್ರಾಹಕರಿಗೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2024ರ ಮಾರ್ಚ್‌ನಲ್ಲಿ ಹೇಳಿದೆ. ಆ ಅವಕಾಶವನ್ನು ಬಳಸಿಕೊಂಡು ಎಲ್ಲ ಪಾವತಿಗಳನ್ನೂ ಸಂಬಳದ ನಂತರದ ಮೊದಲ ವಾರಕ್ಕೆ ತಂದುಕೊಳ್ಳಿ. ಒಂದೆರಡು ದಿನ ತಡವಾದರೆ ಗಾಬರಿ ಬೇಡ. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಕಾರ್ಡಿನವರು ವಿಳಂಬ ಶುಲ್ಕ ಹಾಕಬಹುದು.

ಲೆಕ್ಕವೇ ಕೂಡದಿದ್ದರೆ

ಕೆಲಸ ಹೋಗಿ, ಕಾಯಿಲೆ ಬಂದು, ಕಂತುಗಳ ಮೊತ್ತ ಆದಾಯವನ್ನೇ ಮೀರಿದ ಮನೆಗಳೂ ಇವೆ. ಅಂಥವರು ಮೊದಲು ಊಟ, ಬಾಡಿಗೆ, ಔಷಧ, ಮಕ್ಕಳ ಶಾಲೆ ಇವುಗಳನ್ನು ಕಾಪಾಡಿಕೊಳ್ಳಬೇಕು. ಕಂತು ತಪ್ಪುವ ಮುನ್ನವೇ ಬ್ಯಾಂಕಿಗೆ ಬರವಣಿಗೆಯಲ್ಲಿ ಪರಿಸ್ಥಿತಿ ತಿಳಿಸಿ, ಆದಾಯದ ದಾಖಲೆ ಲಗತ್ತಿಸಿ, ಅವಧಿ ಹೆಚ್ಚಿಸಿ ಕಂತು ಇಳಿಸುವಂತೆ ಕೇಳಬೇಕು. ಒಂದು ಸಾಲದ ಕಂತು ಕಟ್ಟಲು ಮೊಬೈಲ್ ಆ್ಯಪ್‌ನಿಂದಲೋ ಮೀಟರ್ ಬಡ್ಡಿಯವರಿಂದಲೋ ಇನ್ನೊಂದು ಸಾಲ ತರುವುದು ಮಾತ್ರ ಎಂದಿಗೂ ಬೇಡ. ಇಷ್ಟು ಕೊಟ್ಟರೆ ಸಾಕು, ಸಾಲ ಮುಗಿಸುತ್ತೇವೆ ಎಂದು ವಸೂಲಿಯವರು ಫೋನಿನಲ್ಲಿ ಹೇಳಿದರೆ ಪತ್ರ ಕೈಸೇರುವವರೆಗೆ ಹಣ ಕಟ್ಟಬೇಡಿ. ಅಂತಹ ರಾಜಿಯಾದ ಸಾಲವನ್ನು ಸಿಬಿಲ್ ಮುಂತಾದ ಸಂಸ್ಥೆಗಳು ನಮ್ಮ ಸಾಲದ ಇತಿಹಾಸ ದಾಖಲಿಸುವ ವರದಿಗಳಲ್ಲಿ ‘ಮುಕ್ತಾಯ’ ಎಂದು ಬರೆಯದೆ ‘ಸೆಟಲ್ಡ್’ ಎಂದು ಬರೆಯುತ್ತಾರೆ. ಮುಂದೆ ಗೃಹ ಸಾಲ ಕೇಳುವಾಗ ಅದು ಅಡ್ಡಬರುತ್ತದೆ. ಬೇರೆ ದಾರಿಯೇ ಇಲ್ಲದವರು ಇದನ್ನು ತಿಳಿದೇ ಒಪ್ಪಿಕೊಳ್ಳಲಿ.

ವಸೂಲಿಯ ಕರೆಗಳಿಗೂ ಮಿತಿ ಇದೆ. ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಅಕ್ಕಪಕ್ಕದವರ ಮುಂದೆ ಅವಮಾನಿಸುವಂತಿಲ್ಲ. ಹಾಗಾದಾಗ ದಿನ, ಸಮಯ, ಸಂಖ್ಯೆ ಬರೆದಿಟ್ಟುಕೊಂಡು ಮೊದಲು ಆ ಸಂಸ್ಥೆಗೇ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ನೋಂದಣಿಯಿಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಹತ್ತು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ದಾರಿ ಮಾಡಿದೆ. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಆ್ಯಪ್‌ನವರು ಫೋಟೊ ತಿರುಚಿ ಹೆದರಿಸಿದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಾಲದ ಚಿಂತೆಯಿಂದ ನಿದ್ದೆ ಹತ್ತದೆ ಬದುಕೇ ಬೇಡವೆನಿಸಿದವರು ದಯವಿಟ್ಟು 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಹಣ ಬೇಡ, ಕನ್ನಡದಲ್ಲೇ ಮಾತನಾಡಬಹುದು.

ಸಾಲ ಮುಗಿದ ದಿನದ ಕೆಲಸ

ಕೊನೆಯ ಕಂತು ಕಟ್ಟಿದೊಡನೆ ಬಾಕಿಯಿಲ್ಲ ಎಂಬ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಸ್ಕೂಟರಿನ ಸಾಲವಾದರೆ ಆರ್‌ಸಿಯಲ್ಲಿರುವ ಅಡಮಾನದ ಉಲ್ಲೇಖವನ್ನು ಆರ್‌ಟಿಒದಲ್ಲಿ ತೆಗೆಸಬೇಕು. ಎರಡು ಕಾರ್ಡುಗಳಲ್ಲಿ ಒಂದನ್ನು ಮುಚ್ಚಿಬಿಡಿ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಎಂಬ ನಿಯಮವಿದೆ. ಆದ್ದರಿಂದ ಕೋರಿಕೆಯನ್ನು ಇಮೇಲಿನಲ್ಲಿ ಕಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಇನ್ನೊಂದನ್ನು ಉಳಿಸಿಕೊಳ್ಳುವುದಾದರೆ ಅದರ ಮಿತಿಯನ್ನು ಒಂದು ತಿಂಗಳ ದಿನಸಿಯಷ್ಟಕ್ಕೆ ಇಳಿಸಿ, ಬಿಲ್ಲಿನ ಪೂರ್ತಿ ಮೊತ್ತ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಎರಡು ತಿಂಗಳು ಬಿಟ್ಟು ಆ ವರದಿಗಳನ್ನು ತರಿಸಿಕೊಂಡು, ತೀರಿಸಿದ ಪ್ರತಿ ಸಾಲದ ಎದುರು ಬಾಕಿ ಸೊನ್ನೆ ಎಂದಿದೆಯೇ ಎಂದು ನೋಟ್‌ಬುಕ್ಕಿನ ಪಟ್ಟಿಯೊಡನೆ ಒಂದೊಂದಾಗಿ ತಾಳೆ ನೋಡಿ. ತಪ್ಪು ಕಂಡರೆ ಬಾಕಿಯಿಲ್ಲದ ಪ್ರಮಾಣಪತ್ರವನ್ನು ಲಗತ್ತಿಸಿ ಅದೇ ಸಂಸ್ಥೆಗೂ ಸಾಲ ಕೊಟ್ಟ ಬ್ಯಾಂಕಿಗೂ ತಿದ್ದುಪಡಿ ಕೋರಿ ಬರೆಯಿರಿ.